ಕಡ್ಡಿಯನ್ನು ಗುಡ್ಡ ಮಾಡಿದವರು

ನಮ್ಮ ಭಾಷೆಯಲ್ಲಿ ಕಡ್ಡಿಗೆ ಗೌರವದ ಸ್ಥಾನ ಎಂದೂ ದೊರೆತಂತಿಲ್ಲ. ಮೈಯಲ್ಲಿ ಮಾಂಸವಿಲ್ಲದವನನ್ನು ಕಡ್ಡಿಪೈಲ್ವಾನನೆಂದು ಕರೆಯುತ್ತೇವೆ. ನೆಮ್ಮದಿಯಾಗಿದ್ದ ಮನೆಗೆ ಕಲಹವನ್ನು ತಂದವನು ಕಡ್ಡಿಯಾಡಿಸಿದನೆನ್ನುತ್ತೇವೆ. ಅಲ್ಪವಾದ ವಿಷಯವನ್ನು ಹಿಗ್ಗಿಸಿ ಹೇಳುವವನು ಕಡ್ಡಿಯನ್ನು ಗುಡ್ಡ ಮಾಡಿದನೆಂದು ತಲೆಯಾಡಿಸುತ್ತೇವೆ. ಈ ಕೊನೆಯ ಮಾತು ಯಾರಿಗೆ ನಿಂದೆಯಾಗದೆ ಅಕ್ಷರಶಃ ಪ್ರಶಂಸೆಯಾಗಿ ಸಲ್ಲುವುದೋ ಅಂಥ ಕೆಲವರು ಈ ಲೋಕದಲ್ಲಿದ್ದಾರೆ. ಗೀರಿ, ದೀಪ ಹೊತ್ತಿಸಿ, ಕೈಬೀಸಿ ನಂದಿಸಿ, ಎತ್ತ ಬಿತ್ತೆಂದು ನೋಡದೆ ನಾವು ಎಸೆಯುವ ಬೆಂಕಿಕಡ್ಡಿಯನ್ನು ಒಂದರ ಪಕ್ಕಕ್ಕೊಂದರಂತೆ ಅಂಟಿಸಿ ಗೋಪುರ, ನೌಕೆ, ದೇವಾಲಯ, ರಥಗಳನ್ನು ಕಟ್ಟುವವರು ಅವರು.

ಈ ಕಲೆಯ ವಿಷಯವನ್ನು ಬರೆಯಬೇಕೆಂದು ನಾನು ಹೊರಟದ್ದು ನಿಜವಾಗಿ ಒಬ್ಬ ವ್ಯಕ್ತಿಯ ನಿಮಿತ್ತವಾಗಿ. ಫ್ರಾನ್ಸ್ ದೇಶದ ಪಶ್ಚಿಮಕ್ಕೆ, ಶರಾಂತ್-ಮಾರಿತೀಮ್ ಪ್ರಾಂತದಲ್ಲಿ, ಮೋಂಪೆಲಿಯೇ-ದ-ಮೆದಿಯಾಂ ಎಂಬ ಸಣ್ಣ ಊರಿದೆ. ಆ ಊರಿನ ರಿಷಾರ್ ಪ್ಲೋ ಎಂಬವರು, ಸ್ಥಳೀಯ ಆಡಳಿತದಲ್ಲಿ ನೌಕರಿ ಮಾಡಿಕೊಂಡು, ಬಿಡುವಿನ ವೇಳೆಯನ್ನೆಲ್ಲ ಕೂಡಿಟ್ಟು, ಎಂಟು ವರ್ಷಗಳ ಕಾಲ ಐಫೆಲ್ ಗೋಪುರವನ್ನು ಬೆಂಕಿಕಡ್ಡಿಗಳಿಂದ ಕಟ್ಟಿದರು. ಗೋಪುರದ ಎತ್ತರ 7.19 ಮೀಟರು, ನಮ್ಮ ಲೆಕ್ಕದಲ್ಲಿ ಇಪ್ಪತ್ತಮೂರೂವರೆ ಅಡಿಗೂ ಮಿಗಿಲು, ಎಂದರೆ ಎರಡಂತಸ್ತಿನ ಮನೆಯ ಎತ್ತರ. ಅದಕ್ಕೆ ಹಿಡಿದ ಕಡ್ಡಿಗಳು 7,06,900. ಅಂಟು 23 ಕಿಲೋ. ಅಷ್ಟನ್ನೂ 402 ಬಿಡಿ ಚೌಕಟ್ಟುಗಳಾಗಿ ಹೆಣೆದು, ಅನಂತರ ಒಂದರ ಮೇಲೊಂದನ್ನು ಏರಿಸಿ ನಿಲ್ಲಿಸಿದರು. ಕೊನೆಯ ಕಡ್ಡಿಯನ್ನು ಅವರು ಇಟ್ಟದ್ದು 2023ರ ಡಿಸೆಂಬರ್ 27ರಂದು. ಆ ಗೋಪುರಕ್ಕೆ ಹೆಸರು ಕೊಟ್ಟ ಗುಸ್ತಾವ್ ಐಫೆಲ್ ತೀರಿಕೊಂಡು ಅಂದಿಗೆ ಸರಿಯಾಗಿ ನೂರು ವರ್ಷ.

ಅವರು ಈ ಕೆಲಸಕ್ಕೆ ವ್ಯಯಿಸಿದ ಕಾಲ ಸುಮಾರು 4,200 ಗಂಟೆ ಎಂದು ಓದಿದ ದಿವಸ ನಾನು ಕಾಗದ ತೆಗೆದುಕೊಂಡು ಭಾಗಿಸಿ ನೋಡಿದೆ. ಗಂಟೆಗೆ 168 ಕಡ್ಡಿ. ಒಂದು ಕಡ್ಡಿಗೆ ಇಪ್ಪತ್ತೊಂದು ಸೆಕೆಂಡು. ಗಾಳಿಯಿಲ್ಲದ ಕೋಣೆಯಲ್ಲಿ ಒಂದು ಕಡ್ಡಿಯನ್ನು ಗೀರಿ, ಜ್ವಾಲೆ ಮೆಲ್ಲಮೆಲ್ಲನೆ ಇಳಿದು ಬೆರಳಿಗೆ ಬಿಸಿ ತಾಕುವವರೆಗೆ ಹಿಡಿದರೆ ಆಗುವ ಕಾಲವೂ ಹೆಚ್ಚುಕಡಮೆ ಅಷ್ಟೇ, ಅದಕ್ಕೂ ತುಸು ಕಡಮೆಯೇ ಇರಬಹುದು. ಕಡ್ಡಿ ತನ್ನ ಸಹಜಧರ್ಮದಂತೆ ಉರಿದು ಬೂದಿಯಾಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತನ್ನು ಪ್ರತಿಯೊಂದು ಕಡ್ಡಿಗೂ ಕೊಟ್ಟು, ಅದು ಉರಿಯದಂತೆ ಉಳಿಸಿದ ಮನುಷ್ಯ ಇವರು ಎಂದು ತಿಳಿದಾಗ ಆ ಲೆಕ್ಕದ ಕಾಗದವನ್ನು ಕೆಳಗಿಡುವುದು ನನಗೆ ಕಷ್ಟವಾಯಿತು. ಪ್ಯಾರಿಸ್ಸಿನ ಕಬ್ಬಿಣದ ಗೋಪುರವನ್ನೇ ನೋಡಿ: 18,038 ಕಬ್ಬಿಣದ ತುಂಡುಗಳು, 25 ಲಕ್ಷ ರಿವೆಟ್ಟುಗಳು, ನೂರಾರು ಮಂದಿ ಕೆಲಸಗಾರರು, 1887ರಲ್ಲಿ ಆರಂಭವಾಗಿ 1889ರಲ್ಲಿ ಮುಗಿಯಿತು, ಎರಡು ವರ್ಷದ ಮೇಲೆ ಎರಡು ತಿಂಗಳು ಚಿಲ್ಲರೆ. ಅದರ ಸರಿಸುಮಾರು ನಾಲ್ವತ್ತಾರನೆಯ ಒಂದು ಪಾಲಿನಷ್ಟು ಎತ್ತರದ ಪ್ರತಿಕೃತಿ ಒಬ್ಬನ ಕೈಯಲ್ಲಿ ಎಂಟು ವರ್ಷ ತೆಗೆದುಕೊಂಡಿತು.

ಆದರೆ ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎತ್ತರವೂ ಅಲ್ಲ, ಸಂಖ್ಯೆಯೂ ಅಲ್ಲ. ಅನಂತರ ಬಂದ ವ್ಯಾಜ್ಯ. ಆರಂಭದಲ್ಲಿ ಪ್ಲೋ ಅವರು ಅಂಗಡಿಯಿಂದ ಪೊಟ್ಟಣಗಳನ್ನು ತಂದು, ಒಂದೊಂದೇ ಕಡ್ಡಿಯ ಕೆಂಪು ತಲೆಯನ್ನು ಕೊಯ್ದು ತೆಗೆಯುತ್ತಿದ್ದರು. ಕಟ್ಟುವ ಕೆಲಸಕ್ಕಿಂತ ಈ ಶಿರಚ್ಛೇದದ ಕೆಲಸವೇ ದೊಡ್ಡದಾದಾಗ ತಯಾರಕರಿಗೆ ಬರೆದು, ತಲೆಯಿಲ್ಲದ ಕಡ್ಡಿಗಳನ್ನು ಹದಿನೈದು ಹದಿನೈದು ಕಿಲೋ ಪೆಟ್ಟಿಗೆಗಳಲ್ಲಿ ತರಿಸಿಕೊಂಡರು. ಗೋಪುರ ಮುಗಿದ ಮೇಲೆ ಗಿನ್ನೆಸ್ ದಾಖಲೆಯವರ ತೀರ್ಪು ಬಂತು: ಆ ಕಡ್ಡಿಗಳು ಅಂಗಡಿಯಲ್ಲಿ ಸಾಮಾನ್ಯರಿಗೆ ದೊರೆಯುವಂಥವಲ್ಲ, ಬೆಂಕಿಕಡ್ಡಿಯೆಂದು ಗುರುತಿಸಬಹುದಾದ ರೂಪವೂ ಅವಕ್ಕಿಲ್ಲ, ಆದಕಾರಣ ದಾಖಲೆ ಸಲ್ಲದು. ಗೋಪುರವನ್ನು ಕಣ್ಣಾರೆ ಕಾಣದೆಯೇ ತೀರ್ಪು ಕೊಟ್ಟರೆಂಬುದು ಪ್ಲೋ ಅವರ ಸಂಕಟವಾಗಿತ್ತು. ಲೋಕದ ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯಾಯಿತು. ಕೆಲವೇ ದಿನಗಳಲ್ಲಿ, 2024ರ ಫೆಬ್ರವರಿಯಲ್ಲಿ, ದಾಖಲೆಯವರು ತಮ್ಮ ನಿಯಮ ಅತಿ ಬಿಗಿಯಾಗಿತ್ತೆಂದು ಒಪ್ಪಿ, ಲೆಬನಾನಿನ ತೌಫಿಕ್ ದಾಹೆರ್ ಅವರು 2009ರಲ್ಲಿ ಸ್ಥಾಪಿಸಿದ್ದ 6.53 ಮೀಟರಿನ ದಾಖಲೆಯನ್ನು ಇದು ಮೀರಿತೆಂದು ಸಾರಿದರು. ಆ ಹಿಂದಿನ ಕೃತಿಯೂ ಐಫೆಲ್ ಗೋಪುರವೇ ಆಗಿತ್ತೆಂಬುದು ಗಮನಾರ್ಹ.

ತಲೆ ಹೋದ ಮೇಲೆ ಅದು ಬೆಂಕಿಕಡ್ಡಿಯೋ ಅಲ್ಲವೋ? ತರ್ಕಶಾಸ್ತ್ರದಲ್ಲಿ ಇಂಥ ಪ್ರಶ್ನೆಗಳಿಗೆ ಪುಟಗಟ್ಟಲೆ ಉತ್ತರವಿರಬಹುದು. ಕಡ್ಡಿ ಮುರಿದಂತೆ ಹೇಳುವುದಾದರೆ ನನ್ನ ಅಭಿಪ್ರಾಯ ಇಷ್ಟೇ: ಬೆಂಕಿಕಡ್ಡಿಯ ಶಿಲ್ಪದಲ್ಲಿ ಬೆಂಕಿಯಿರುವುದು ಕಡ್ಡಿಯ ತುದಿಯಲ್ಲಿ ಅಲ್ಲ. ದಿಮ್ಮಿಯಾಗಿ ಸಿಗುವ ಮರ, ಬಂಡೆಯಾಗಿ ಸಿಗುವ ಕಲ್ಲು ಇವುಗಳಿಂದ ಶಿಲ್ಪಿ ಬೇಡದುದನ್ನು ತೆಗೆಯುತ್ತಾನೆ. ಇಲ್ಲಿ ತೆಗೆಯಲು ಏನೂ ಇಲ್ಲ. ಎರಡು ಮಿಲಿಮೀಟರು ದಪ್ಪದ, ನಾಲ್ಕು ಸೆಂಟಿಮೀಟರು ಉದ್ದದ ಒಂದೇ ಅಳತೆಯ ಸಿಬಿರಿನಿಂದ ಲಕ್ಷ ಬಾರಿ ಕೂಡಿಸಬೇಕು. ಆ ಕೂಡಿಸುವಿಕೆಯೇ ಕಲೆ.

ಬೆಂಕಿಕಡ್ಡಿಯ ಚರಿತ್ರೆ ದೊಡ್ಡದಲ್ಲ, ಇನ್ನೂರು ವರ್ಷದ್ದು. ಇಂಗ್ಲೆಂಡಿನ ಸ್ಟಾಕ್‌ಟನ್ ಊರಿನ ಔಷಧ ವ್ಯಾಪಾರಿ ಜಾನ್ ವಾಕರ್ 1827ರಲ್ಲಿ ಉಜ್ಜಿದರೆ ಹೊತ್ತುವ ಕಡ್ಡಿಗಳನ್ನು ಮಾರಲಾರಂಭಿಸಿದ. ಮುಂದೆ ಬಿಳಿಯ ರಂಜಕದ ಕಡ್ಡಿಗಳು ಬಂದವು. ಅವನ್ನು ಮಾಡುತ್ತಿದ್ದ ಬಡ ಹೆಂಗಸರ ದವಡೆಯ ಎಲುಬು ಕೊಳೆತು ಹೋಗುತ್ತಿತ್ತು. 1888ರಲ್ಲಿ ಲಂಡನ್ನಿನ ಹುಡುಗಿಯರು ಕಾರ್ಖಾನೆಯಿಂದ ಹೊರಬಂದು ಮುಷ್ಕರ ಹೂಡಿದ್ದು ಕಾರ್ಮಿಕ ಚರಿತ್ರೆಯಲ್ಲಿ ಪ್ರಸಿದ್ಧ. ಅದಕ್ಕೂ ಮೊದಲೇ ಸ್ವೀಡನ್ನಿನವರು ರಂಜಕವನ್ನು ಕಡ್ಡಿಯಿಂದ ತೆಗೆದು, ಅದರ ನಿರಪಾಯಕರವಾದ ಕೆಂಪು ರೂಪವನ್ನು ಪೊಟ್ಟಣದ ಪಕ್ಕಕ್ಕೆ ಬಳಿದರು. ಇಂದಿಗೂ ನಾವು ಕಡ್ಡಿಯನ್ನು ಗೀರುವುದು ಆ ಪಟ್ಟಿಗೆ. ನಮ್ಮ ದೇಶದ ಶಿವಕಾಶಿಯಲ್ಲಿ ಈ ಉದ್ಯಮಕ್ಕೆ ಅಯ್ಯ ನಾಡಾರ್, ಷಣ್ಮುಖ ನಾಡಾರ್ ಎಂಬ ದಾಯಾದಿಗಳು 1922ರಲ್ಲಿ ಕಲ್ಕತ್ತೆಗೆ ಹೋಗಿ ವಿದ್ಯೆ ಕಲಿತು ಬಂದು ಬುನಾದಿ ಹಾಕಿದರೆಂಬುದು ಆ ಪ್ರದೇಶದವರೆಲ್ಲ ಹೇಳುವ ಮಾತು.

ಕಟ್ಟುವ ಕ್ರಮವೇನೆಂದು ಪುಸ್ತಕದಿಂದ ತಿಳಿದರೆ ಸಾಲದೆಂದು, ಕಳೆದ ಮಳೆಗಾಲದಲ್ಲಿ ನಾನೇ ಹತ್ತು ಪೊಟ್ಟಣ ತಂದು ಮೇಜಿನ ಮುಂದೆ ಕುಳಿತೆ. ಕಡ್ಡಿಗಳನ್ನು ಬಿಳಿಯ ಬಟ್ಟೆಯ ಮೇಲೆ ಸುರಿದಾಗ ಮೊದಲು ಕಂಡದ್ದು, ಇವು ಒಂದರಂತೆ ಒಂದಿಲ್ಲವೆಂಬುದು. ದೂರಕ್ಕೆ ಎಲ್ಲವೂ ಅವಳಿಜವಳಿ. ಹತ್ತಿರಕ್ಕೆ ಹಿಡಿದರೆ ಒಂದು ತಿರುಚಿದೆ, ಒಂದರ ಮೂಲೆ ಸೀಳಿದೆ, ಒಂದು ಬಿಲ್ಲಿನಂತೆ ಬಾಗಿದೆ. ನೆಟ್ಟಗಿರುವವನ್ನು ಆರಿಸುವುದೇ ಮೊದಲ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸಿದವರಿಗೆ ಈ ಬೇಸರವೂ ಈ ನೆಮ್ಮದಿಯೂ ಗೊತ್ತು. ಎರಡನೆಯದು ತಲೆ ತೆಗೆಯುವುದು. ಬ್ಲೇಡನ್ನು ನೇರವಾಗಿ ಒತ್ತಿದರೆ ತುದಿ ಜಜ್ಜಿ ನಾರು ನಾರಾಗುತ್ತದೆ. ಕಡ್ಡಿಯನ್ನು ಬೆರಳಿನಿಂದ ಮೆಲ್ಲಗೆ ಉರುಳಿಸುತ್ತ ಬ್ಲೇಡು ಸುತ್ತಲೂ ಗೆರೆ ಕೊರೆಯುವಂತೆ ಮಾಡಿದರೆ ಮಾತ್ರ ಚೊಕ್ಕವಾಗಿ ಬೇರೆಯಾಗುತ್ತದೆ. ಬೇರೆಯಾದ ತಲೆಗಳನ್ನು ನೀರು ತುಂಬಿದ ಬಟ್ಟಲಿಗೆ ಹಾಕುತ್ತ ಹೋದೆ. ಸಂಜೆಗೆ ನೀರು ಮಸುಕಾಗಿ ಕೆಂಪೇರಿತ್ತು. ಮೂರನೆಯ ತೊಡಕು ನಾನು ಊಹಿಸದೆ ಇದ್ದದ್ದು. ತಲೆಯ ಕೆಳಗಿನ ಭಾಗಕ್ಕೆ ಕಾರ್ಖಾನೆಯಲ್ಲಿ ಮೇಣ ಕುಡಿಸಿರುತ್ತಾರೆ. ಜ್ವಾಲೆ ಮದ್ದಿನಿಂದ ಮರಕ್ಕೆ ಇಳಿಯಲು ಆ ಮೇಣವೇ ಸೇತುವೆ. ಬೆಂಕಿಗೆ ನೆರವಾಗುವ ಆ ಮೇಣ ಅಂಟಿಗೆ ಶತ್ರು. ಅಲ್ಲಿ ಬಡಗಿಯ ಬಿಳಿಯ ಅಂಟು ಎಷ್ಟು ಬಳಿದರೂ ಹಿಡಿಯದು. ಕಟ್ಟುವವರೆಲ್ಲ ತಲೆಯಿಲ್ಲದ, ಮೇಣವಿಲ್ಲದ ಬರಿಯ ಕಡ್ಡಿಗಾಗಿ ಏಕೆ ಹಂಬಲಿಸುತ್ತಾರೆಂಬುದು ಆಗ ನನಗೆ ಮನದಟ್ಟಾಯಿತು.

ಕಾಗದದ ಮೇಲೆ ನಕ್ಷೆ ಬರೆದು, ಅಂಟು ಹಿಡಿಯದಂತೆ ಅದರ ಮೇಲೆ ಎಣ್ಣೆಕಾಗದ ಹಾಸಿ, ಕಡ್ಡಿಗಳನ್ನು ಮಗ್ಗುಲು ಮಗ್ಗುಲಾಗಿ ಜೋಡಿಸಿ ಹಲಗೆ ಮಾಡುವುದು; ಒಣಗಿದ ಮೇಲೆ ಮರಳುಕಾಗದದಿಂದ ಉಜ್ಜಿ ನಯಮಾಡುವುದು; ಹಲಗೆಗಳನ್ನು ಸೇರಿಸಿ ಗೋಡೆ, ಗೋಡೆಗಳನ್ನು ಸೇರಿಸಿ ಮಂಟಪ. ನಾಲ್ಕು ದಿನಕ್ಕೆ ಅಂಗೈ ಅಗಲದ ಒಂದು ಗೋಡೆ ನಿಂತಿತು.

ಈ ಕಲೆಗೆ ತನ್ನದೇ ಆದ ಒಂದು ವಸ್ತುಸಂಗ್ರಹಾಲಯವನ್ನು ಗಳಿಸಿಕೊಟ್ಟ ಕೀರ್ತಿ ಅಮೆರಿಕದ ಅಯೋವಾ ರಾಜ್ಯದ ಪ್ಯಾಟ್ರಿಕ್ ಆಕ್ಟನ್ ಅವರದು. ಜೋಳದ ಹೊಲಗಳ ನಡುವಿನ ಗ್ಲ್ಯಾಡ್‌ಬ್ರೂಕ್ ಎಂಬ ಸಣ್ಣ ಊರಿನಲ್ಲಿದ್ದುಕೊಂಡು, ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ವೃತ್ತಿಯ ವಿಷಯದಲ್ಲಿ ಸಲಹೆ ಕೊಡುವ ಕೆಲಸ ಮಾಡುತ್ತ, 1977ರಲ್ಲಿ ಅವರು 500 ಕಡ್ಡಿಗಳಿಂದ ಹಳ್ಳಿಯ ಪುಟ್ಟದೊಂದು ಇಗರ್ಜಿಯನ್ನು ಕಟ್ಟಿದರು. ಅಲ್ಲಿಂದ ಮೊದಲಾದುದು ವಾಷಿಂಗ್ಟನ್ನಿನ ಶಾಸನಭವನ 4,78,000 ಕಡ್ಡಿಗಳಲ್ಲಿ, ಹ್ಯಾರಿ ಪಾಟರ್ ಕಥೆಯ ಹಾಗ್ವಾರ್ಟ್ಸ್ ವಿದ್ಯಾಶಾಲೆ 6,02,000 ಕಡ್ಡಿಗಳಲ್ಲಿ ಏಳುವವರೆಗೆ ಬೆಳೆಯಿತು. ಚಿಕ್ಕ ಇಕ್ಕಳದಿಂದ ಕಡ್ಡಿಯ ಮೈಯನ್ನು ಸಣ್ಣಸಣ್ಣದಾಗಿ ಕಚ್ಚಿ, ಮುರಿಯದಂತೆ ಬಾಗಿಸಿ, ಗುಮ್ಮಟದ ವರ್ತುಲವನ್ನೂ ಪಕ್ಷಿಯ ರೆಕ್ಕೆಯನ್ನೂ ತರುವ ಉಪಾಯವನ್ನು ಅವರು ಸಾಧಿಸಿಕೊಂಡರು. 2003ರಲ್ಲಿ ಗ್ಲ್ಯಾಡ್‌ಬ್ರೂಕಿನಲ್ಲಿ ಅವರ ಕೃತಿಗಳಿಗೆಂದೇ ಸಂಗ್ರಹಾಲಯ ತೆರೆಯಿತು. ಅನೇಕ ಕೃತಿಗಳನ್ನು ಲೋಕದ ವಿಚಿತ್ರ ವಸ್ತುಗಳನ್ನು ಸಂಗ್ರಹಿಸುವ ರಿಪ್ಲೀಸ್ ಸಂಸ್ಥೆಯವರು ಕೊಂಡೊಯ್ದು ಲೋಕದ ನಾನಾ ಕಡೆ ಪ್ರದರ್ಶಿಸುತ್ತಾರೆ. ವರ್ಷಗಟ್ಟಲೆ ಮನೆಯಲ್ಲಿ ಬೆಳೆದದ್ದನ್ನು ಹೊರಗೆ ಕಳುಹಿಸುವುದೆಂದರೆ ಮಗಳನ್ನು ಧಾರೆಯೆರೆದು ಕೊಟ್ಟಂತೆಯೇ ಇರಬೇಕು.

ಇದಕ್ಕೆ ತೀರ ವಿರುದ್ಧವಾದ ದಾರಿ ಸ್ಕಾಟ್ಲೆಂಡಿನ ಶಿಲ್ಪಿ ಡೇವಿಡ್ ಮ್ಯಾಕ್ ಅವರದು. ಅವರು ತಲೆಯನ್ನು ಕೊಯ್ಯುವುದಿಲ್ಲ. ಬಣ್ಣಬಣ್ಣದ ಮದ್ದಿನ ತಲೆಗಳೇ ಹೊರಮೈಯಾಗುವಂತೆ ಕಡ್ಡಿಗಳನ್ನು ಜೋಡಿಸಿ ಮನುಷ್ಯರ, ಪ್ರಾಣಿಗಳ ಮುಖಗಳನ್ನು ಮಾಡುತ್ತಾರೆ. ಒಮ್ಮೆ ಅಂಥದೊಂದು ಮುಖಕ್ಕೆ ಅಕಸ್ಮಾತ್ತಾಗಿ ಬೆಂಕಿ ತಗುಲಿತು. ಅಂದಿನಿಂದ ಕೆಲವನ್ನು ತಾವಾಗಿಯೇ ಸಭೆಯ ಮುಂದೆ ಹಚ್ಚುತ್ತಾರೆ. ಕ್ಷಣಮಾತ್ರದಲ್ಲಿ ಮುಖದ ಮೇಲೆಲ್ಲ ಜ್ವಾಲೆ ಹರಿದು, ವರ್ಣಗಳು ಅಳಿದು, ಕರಿಯ ಮುಖವೊಂದು ಉಳಿಯುತ್ತದೆ. ನನ್ನ ಒಲವು ಪ್ಲೋ, ಆಕ್ಟನ್ನರ ಕಡೆಗೇ; ಆದರೂ ಆ ಸುಟ್ಟ ಮುಖದ ಗಾಂಭೀರ್ಯವನ್ನು ಅಲ್ಲಗಳೆಯಲಾರೆ.

ಬ್ರಿಟನ್ನಿನ ಸೆರೆಮನೆಗಳಲ್ಲಿ ದೀರ್ಘಶಿಕ್ಷೆಯವರು ಕಡ್ಡಿಗಳಿಂದ ಹಡಗು, ಗಾಡಿ, ಆಭರಣದ ಪೆಟ್ಟಿಗೆಗಳನ್ನು ಮಾಡಿ ಮನೆಯವರಿಗೆ ಕಳುಹಿಸುವ ಸಂಪ್ರದಾಯ ಬಹುಕಾಲದಿಂದ ಉಂಟು. ನಮ್ಮಲ್ಲಿಯೂ ಪುರಿಯ ತರುಣ ಕಲಾವಿದರು ರಥಯಾತ್ರೆಯ ಹೊತ್ತಿಗೆ ಜಗನ್ನಾಥನ ರಥವನ್ನು ಕಡ್ಡಿಗಳಲ್ಲಿ ಕಟ್ಟಿದ ಸುದ್ದಿ ಆಗಾಗ ಬರುತ್ತದೆ. ಆದರೆ ಒಂದು ದಿನದ ಸುದ್ದಿಯಾಗಿ ಮುಗಿಯದೆ ಅವು ನೆಲೆಯಾಗಿ ನಿಲ್ಲಲು ಗಾಜಿನ ಕಪಾಟೊಂದನ್ನು ಯಾರಾದರೂ ಕೊಡಬೇಕು. ಗ್ಲ್ಯಾಡ್‌ಬ್ರೂಕಿನಂಥ ಪುಟ್ಟ ಊರಿಗೆ ಆದದ್ದು ನಮ್ಮ ಊರುಗಳಿಗೆ ಆಗದೆಂದು ನಾನು ನಂಬಲಾರೆ. ಶಾಲೆಗಳ ಕರಕುಶಲ ತರಗತಿಗೆ ಇದಕ್ಕಿಂತ ಅಗ್ಗದ ಸಾಮಗ್ರಿಯೂ ಇಲ್ಲ. ಹದಿನಾಲ್ಕು ವರ್ಷ ಒಂದೇ ರೂಪಾಯಿಗೆ ನಿಂತಿದ್ದ ಪೊಟ್ಟಣದ ಬೆಲೆ 2021ರ ಡಿಸೆಂಬರಿನಲ್ಲಿ ಎರಡು ರೂಪಾಯಿ ಆಯಿತು, ಕಡ್ಡಿಗಳು 36ರಿಂದ 50 ಆದವು. ಆ ದರದಲ್ಲಿ ಪ್ಲೋ ಅವರ ಗೋಪುರಕ್ಕೆ 14,138 ಪೊಟ್ಟಣ, 28,276 ರೂಪಾಯಿ. ಅಗ್ಗವೆಂಬ ಮಾತ್ರಕ್ಕೆ ಕಡ್ಡಿಗೆ ಭವಿಷ್ಯವಿದೆಯೆಂದಲ್ಲ. ಶಿವಕಾಶಿ, ಸಾತೂರು, ಕೋವಿಲ್‌ಪಟ್ಟಿಗಳಲ್ಲಿ ಇದರಿಂದ ಅನ್ನ ಕಾಣುವವರಲ್ಲಿ ಬಹುಪಾಲು ಹೆಂಗಸರು. ಹೊರದೇಶದ ಪ್ಲಾಸ್ಟಿಕ್ ಲೈಟರುಗಳ ಹೊಡೆತದಿಂದ ಅವರನ್ನು ಕಾಪಾಡಲು ಇಪ್ಪತ್ತು ರೂಪಾಯಿಗಿಂತ ಕಡಮೆ ಬೆಲೆಯ ಲೈಟರುಗಳ ಆಮದನ್ನು ಸರ್ಕಾರ 2023ರಲ್ಲಿ ನಿಷೇಧಿಸಬೇಕಾಯಿತು.

ನಾನು ಬಾಲಕನಾಗಿದ್ದಾಗ ಅಜ್ಜಿಯ ಒಲೆಯ ಮೇಲಣ ಗೂಡಿನಲ್ಲಿ ಬೆಂಕಿಪೊಟ್ಟಣಕ್ಕೆ ಒಂದು ಖಾಯಂ ಜಾಗವಿತ್ತು. ಮಳೆಗಾಲದಲ್ಲಿ ಅದು ತೇವವಾಗದಂತೆ ಅನ್ನದ ತಪ್ಪಲೆಯ ಮುಚ್ಚಳದ ಮೇಲೆ ಏರುತ್ತಿತ್ತು. ಬರಿದಾದ ಪೊಟ್ಟಣಗಳು ನಮಗೆ ರೈಲುಗಾಡಿಯಾದವು, ದಾರ ಕಟ್ಟಿದರೆ ಟೆಲಿಫೋನಾದವು, ಮೇಲಿನ ಚಿತ್ರಗಳು ಹರಿದು ನೋಟುಪುಸ್ತಕ ಸೇರಿದವು. ಈಗ ನಮ್ಮ ಮನೆಯ ಒಲೆ ಗುಂಡಿ ತಿರುಗಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಪೊಟ್ಟಣ ದೇವರ ಮನೆಗೆ ಸರಿದು ಅಲ್ಲಿ ಒಂದು ಮೂಲೆಯಲ್ಲಿದೆ.

ನನ್ನ ಅಂಗೈ ಅಗಲದ ಗೋಡೆ ಒಣಗುತ್ತಿದ್ದ ದಿನ ಪಕ್ಕದ ಮನೆಯ ಎಂಟು ವರ್ಷದ ಹುಡುಗಿ ಬಂದು, ಮೇಜಿನ ಮೇಲೆ ಉಳಿದಿದ್ದ ತಲೆಯಿಲ್ಲದ ಕಡ್ಡಿಗಳ ರಾಶಿಯನ್ನು ಬೆರಳಿನಿಂದ ಕೆದಕಿ, ಇವು ಯಾವುದರ ಕಡ್ಡಿಗಳು ಎಂದು ಕೇಳಿದಳು. ಬೆಂಕಿಪೊಟ್ಟಣದವು ಎಂದೆ. ಅವಳಿಗೆ ಅರ್ಥವಾಗಲಿಲ್ಲ. ದೇವರ ಮನೆಯಿಂದ ಪೊಟ್ಟಣವನ್ನು ತಂದು, ಕಿಟಕಿಯನ್ನು ಮುಚ್ಚಿ, ಒಂದನ್ನು ಗೀರಿ ಹಿಡಿದೆ. ಜ್ವಾಲೆ ಮೊದಲು ಭುಗಿಲೆಂದು ಎದ್ದು, ಆಮೇಲೆ ಸಣ್ಣದಾಗಿ, ನೆಟ್ಟಗೆ ನಿಂತು, ಕಪ್ಪು ಕೊಂಕನ್ನು ಹಿಂದೆ ಬಿಡುತ್ತ ನನ್ನ ಬೆರಳಿನವರೆಗೂ ಇಳಿಯಿತು. ಅವಳು ಕಣ್ಣು ಮಿಟುಕಿಸದೆ ನೋಡಿ, ಇನ್ನೊಂದು ಗೀರಿ ಎಂದಳು.