ಏಳಡಿ ಕಟ್ಟೆಯ ಆಚೆ ಈಚೆ

ದೋಣಿಯೊಂದನ್ನು ಬಾಡಿಗೆಗೆ ಪಡೆದು ಕಾಲುವೆಗಳಲ್ಲಿ ವಾರಗಟ್ಟಲೆ ಸುತ್ತುವುದು ಇಂಗ್ಲೆಂಡಿನಲ್ಲಿ ಬಹುಜನರಿಗೆ ಪ್ರಿಯವಾದ ರಜೆ. ಗಂಟೆಗೆ ನಾಲ್ಕು ಮೈಲಿ ಮೀರಬಾರದೆಂಬ ನಿಯಮವಿರುವ ಈ ಪ್ರಯಾಣದಲ್ಲಿ ಕಣ್ಣಿಗೆ ಬೀಳುವುದು ಹೊಲ, ಹಳ್ಳಿ, ಕುರಿಮಂದೆಗಳೇ ಹೆಚ್ಚು. ನಡುವೆ ಒಂದು ದಿನ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಮೀಸಲು. ದೋಣಿಯ ತೊಟ್ಟಿಗೆ ನೀರು ತುಂಬಿಸಿ, ದಿನಸಿ ಕೊಂಡು, ವಸ್ತುಸಂಗ್ರಹಾಲಯ ನೋಡಿ, ಬುಲ್ ರಿಂಗ್ ಮಾರುಕಟ್ಟೆಯಲ್ಲಿ ಅಡ್ಡಾಡುವಷ್ಟರಲ್ಲಿ ಸಂಜೆಯಾಗುತ್ತದೆ. ಆದರೆ ಈ ನಗರದ ಚರಿತ್ರೆಯ ಒಂದು ಸ್ವಾರಸ್ಯಕರ ಅಧ್ಯಾಯ ದೋಣಿ ಕಟ್ಟಿದ ಜಾಗದಲ್ಲೇ ಇದೆ.

ವೆನಿಸ್‌ಗಿಂತಲೂ ಉದ್ದದ ಕಾಲುವೆಗಳು ತಮ್ಮಲ್ಲಿವೆ ಎಂಬುದು ಇಲ್ಲಿನವರ ಹೆಮ್ಮೆಯ ಮಾತು. ಹೋಲಿಕೆ ಅಷ್ಟಾಗಿ ಹೊಂದದು. ವೆನಿಸ್‌ನ ಅರಮನೆಗಳು ನೀರಿಗೆ ಮುಖಮಾಡಿ ನಿಂತಿವೆ; ಇಲ್ಲಿ ನೀರಿನ ಕಡೆಗಿದ್ದುದು ಕಾರ್ಖಾನೆಗಳ ಹಿತ್ತಿಲು. ಕಲ್ಲಿದ್ದಲಿಗಾಗಿಯೇ ತೋಡಿದ ಕಾಲುವೆಗಳಿವು. ಜೇಮ್ಸ್ ಬ್ರಿಂಡ್ಲಿ ಯೋಜಿಸಿದ ಮೊದಲ ಕಾಲುವೆಯಲ್ಲಿ 1769ರ ನವೆಂಬರಿನಲ್ಲಿ ಕಲ್ಲಿದ್ದಲು ಬಂದಾಗ ಊರಿನಲ್ಲಿ ಅದರ ಬೆಲೆ ಇಳಿಯಿತು.

ಲಾಭ ಕಂಡಲ್ಲಿ ಪೈಪೋಟಿಯೂ ಹುಟ್ಟಬೇಕಲ್ಲ! ವೂಸ್ಟರ್ ಕಡೆಯಿಂದ ಇನ್ನೊಂದು ಕಾಲುವೆ ತರಲು 1791ರಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ತಮ್ಮ ನೀರು ಹೊಸಬರ ಕಾಲುವೆಗೆ ಹರಿದುಹೋದೀತೆಂದು ಹಳೆಯ ಕಂಪನಿಗೆ ಭಯ. ಎರಡು ಕಾಲುವೆಗಳ ನಡುವೆ ಏಳಡಿ ನೆಲ ಉಳಿಯಲೇಬೇಕೆಂದು ಅದು ಹಟ ಹಿಡಿದು ಗೆದ್ದಿತು. ಗ್ಯಾಸ್ ಸ್ಟ್ರೀಟ್ ಬೇಸಿನ್ ಎಂಬ ದೋಣಿ ತಂಗುದಾಣದ ನಡುವೆ ಇಂದಿಗೂ ಕಾಣುವ 'ವೂಸ್ಟರ್ ಬಾರ್' ಕಟ್ಟೆ ಈ ಹಟದ ಗುರುತು. ಈಚೆಯ ದೋಣಿಯ ಸರಕನ್ನು ಇಳಿಸಿ, ಕಟ್ಟೆ ದಾಟಿಸಿ, ಆಚೆಯ ದೋಣಿಗೆ ಹೇರಬೇಕಿತ್ತು. ಏಳಡಿಗೆ ಇಷ್ಟು ಕೂಲಿ! ಕೊನೆಗೆ 1815ರಲ್ಲಿ ಕಟ್ಟೆ ಒಡೆದು, ನೀರನ್ನು ಕಾಯುವ ಬಾಗಿಲುಗಳನ್ನಿಟ್ಟು ದೋಣಿಗಳಿಗೆ ದಾರಿ ಬಿಟ್ಟರು.

ಹಳೆಯ ಕಂಪನಿಯ ಭಯ ತೀರಾ ಹುಸಿಯಾಗಿರಲಿಲ್ಲ. ಕಾಲುವೆ ದಿಬ್ಬ ಹತ್ತಿಳಿಯುವುದು 'ಲಾಕ್' ಎಂಬ ನೀರಿನ ಮೆಟ್ಟಿಲುಗಳಿಂದ. ಎರಡು ಬಾಗಿಲುಗಳ ನಡುವಣ ತೊಟ್ಟಿಯಲ್ಲಿ ನೀರು ತುಂಬಿದರೆ ದೋಣಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಪ್ರತಿ ಸಲವೂ ಸುಮಾರು ಒಂದು ಲಕ್ಷ ಲೀಟರ್ ನೀರು ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಹತ್ತಿರದ ಸ್ಮೆದಿಕ್ ದಿಬ್ಬದ ಮೇಲೆ ದೋಣಿಗಳ ಸಾಲು ಹೆಚ್ಚಿದಂತೆ ನೀರಿನ ಬರ. ಹೋದ ನೀರನ್ನು ಮತ್ತೆ ಮೇಲೆತ್ತಲು 1779ರಲ್ಲಿ ಬೋಲ್ಟನ್ ಮತ್ತು ವಾಟ್ ಕಂಪನಿಯ ಉಗಿಯಂತ್ರ ಬಂತು. 1891ರವರೆಗೆ ದುಡಿದ ಆ ಯಂತ್ರ ಈಗ ನಗರದ ಥಿಂಕ್‌ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೂ ಚಲಿಸಬಲ್ಲ ಉಗಿಯಂತ್ರಗಳಲ್ಲಿ ಜಗತ್ತಿನಲ್ಲೇ ಅತಿ ಹಳೆಯದೆಂದು ಅದರ ಖ್ಯಾತಿ. ಬೋಲ್ಟನ್, ವಾಟ್, ಮರ್ಡಾಕ್ ಮೂವರೂ ನಕ್ಷೆ ನೋಡುತ್ತ ನಿಂತ, ಚಿನ್ನದ ಲೇಪದ ಪ್ರತಿಮೆ ಸೆಂಟೆನರಿ ಚೌಕದಲ್ಲಿದೆ. ಕೈಯಲ್ಲಿನ ಸುರುಳಿಯನ್ನು ಕಂಡು ಊರಿನವರು ಇಟ್ಟ ಹೆಸರು 'ಜಮಖಾನದ ವ್ಯಾಪಾರಿಗಳು'.

ರೈಲು ಬಂದ ಮೇಲೆ ದೋಣಿಯವರ ಗಳಿಕೆ ಕುಸಿಯಿತು. ಬಾಡಿಗೆ ಮನೆ ಬಿಟ್ಟು ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದವರು ಅನೇಕರು. ಹತ್ತಡಿ ಉದ್ದವೂ ಇಲ್ಲದ ಕೋಣೆಯಲ್ಲೇ ಅಡಿಗೆ, ಹೆರಿಗೆ, ನಿದ್ದೆ. ಊರಿಂದೂರಿಗೆ ಸಾಗುವ ಮಕ್ಕಳಿಗೆ ಶಾಲೆ ದಕ್ಕಲಿಲ್ಲ. ಒಂದು ಕೋಣೆಯಲ್ಲಿ ಎಷ್ಟು ಜನ ಇರಬಹುದೆಂದು ಗೊತ್ತುಪಡಿಸಲು 1877ರಲ್ಲಿ ಕಾನೂನನ್ನೇ ಮಾಡಬೇಕಾಯಿತು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದಾಗ, ಅಳಿದುಳಿದ ಸರಕು ಸಾಗಣೆಗೂ ದೊಡ್ಡ ಪೆಟ್ಟು ಬಿತ್ತು.

ಈಗಿನ ವಿಹಾರದ ದೋಣಿಗಳಲ್ಲಿ ಗ್ಯಾಸ್ ಒಲೆ, ಬಿಸಿನೀರಿನ ಸ್ನಾನ ಎಲ್ಲ ಉಂಟು. ಅಂಗಡಿ ಬೀದಿಗೆ ಹೊರಟವರು ದಡದ ಕಾಲುದಾರಿಯಲ್ಲಿ ಹಳೆಯ ಸೇತುವೆಗಳ ಅಡಿಯಲ್ಲೇ ನಡೆಯುತ್ತಾರೆ. ಸೇತುವೆಯ ಅಂಚಿಗೆ ಬಡಿದ ಕಬ್ಬಿಣದ ಪಟ್ಟಿಗಳಲ್ಲಿ ಬೆರಳು ಹುದುಗುವಷ್ಟು ಆಳದ ಗೀರುಗಳಿವೆ. ಕುದುರೆಗಳು ದೋಣಿ ಎಳೆಯುವಾಗ ಒದ್ದೆ ಹಗ್ಗ ದಿನವೂ ಉಜ್ಜಿ ಉಜ್ಜಿ ಕೊರೆದವು ಅವು.