ಸಂಘದ ಲೆಕ್ಕಕ್ಕೂ ಬೇಕು ಸೀಲು

ಹಾಲು ಅಳೆದು ಹಾಕಿದ ಮೇಲೆ ಉತ್ಪಾದಕರ ಕೈಯಲ್ಲಿ ಉಳಿಯುವುದು ಲೆಕ್ಕ ಮಾತ್ರ. ಎಷ್ಟು ಲೀಟರ್, ಜಿಡ್ಡು ಎಷ್ಟು, ಬಟವಾಡೆ ಎಷ್ಟು ಎಂಬುದು ಹಿಂದೆ ಪಾಸ್ ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. ಈಗ ಅನೇಕ ಕಡೆ ಈ ಲೆಕ್ಕ ಸಂಘದ ಗಣಕಯಂತ್ರದಿಂದ ಅಂತರ್ಜಾಲದ ಮೂಲಕ ದೂರದ ಗಣಕಯಂತ್ರಕ್ಕೆ ಹೋಗುತ್ತದೆ. ಸದಸ್ಯರ ಬ್ಯಾಂಕ್ ಖಾತೆ ಸಂಖ್ಯೆ, ಕಾರ್ಯದರ್ಶಿಯವರ ಗುಪ್ತಪದ ಎರಡೂ ಅದೇ ದಾರಿಯಲ್ಲಿ ಸಾಗುತ್ತವೆ. ಆ ದಾರಿ ಎಷ್ಟು ಭದ್ರ ಎಂಬುದನ್ನು ಸದಸ್ಯರು ತಿಳಿದಿರುವುದು ಅಗತ್ಯ.

ತೆರೆದ ದಾರಿಯ ಅಪಾಯ

ಜಾಲತಾಣದ ವಿಳಾಸ ಬರೀ 'ಎಚ್‌ಟಿಟಿಪಿ' ಎಂದು ಆರಂಭವಾದರೆ, ಕಳುಹಿಸಿದ ವಿವರ ಅಂಚೆ ಕಾರ್ಡಿನಂತೆ ತೆರೆದೇ ಹೋಗುತ್ತದೆ. ನಡುವಿನ ಸಂಪರ್ಕ ಯಾರ ಕೈಯಲ್ಲಿದೆಯೋ ಅವರು ಅದನ್ನು ಓದಬಹುದು, ತಿದ್ದಲೂಬಹುದು. ಜಿಡ್ಡು 4.1 ಎಂದು ಕಳುಹಿಸಿದ್ದು 3.6 ಎಂದು ತಲುಪಿದರೆ ಮಾರ್ಗದಲ್ಲಿ ತಿದ್ದಿದ್ದು ಕೂಡಲೇ ಯಾರಿಗೂ ತಿಳಿಯದು.

ಇದಕ್ಕೆ ಪರಿಹಾರವೇ 'ಎಚ್‌ಟಿಟಿಪಿಎಸ್'. 1995ರಲ್ಲಿ ನೆಟ್‌ಸ್ಕೇಪ್ ಕಂಪನಿ 'ಎಸ್‌ಎಸ್‌ಎಲ್' ಎಂಬ ವಿಧಾನವನ್ನು ಬಳಕೆಗೆ ತಂದಿತು. 1999ರಲ್ಲಿ ಅದು 'ಟಿಎಲ್‌ಎಸ್' ಎಂಬ ಹೆಸರು ಪಡೆಯಿತು. ಅದರ 1.3ನೇ ಆವೃತ್ತಿ 2018ರಲ್ಲಿ ಬಂದಿತು.

ಮೂರು ಕೆಲಸ

ಡೇರಿಗೆ ಹೊರಡುವ ಟ್ಯಾಂಕರನ್ನು ನೆನೆಯಿರಿ. ಮುಚ್ಚಳ ಇರುವುದರಿಂದ ಒಳಗಿನದು ಹೊರಗಿನವರಿಗೆ ಕಾಣದು. ಸೀಲು ಇರುವುದರಿಂದ ದಾರಿಯಲ್ಲಿ ನೀರು ಬೆರೆಸಿದರೆ ಗೊತ್ತಾಗುತ್ತದೆ. ಹಾಲನ್ನು ಇಳಿಸುವ ಮೊದಲು ಅದು ನಮ್ಮ ಡೇರಿಯೇ ಎಂದು ಚಾಲಕ ನೋಡಿಕೊಳ್ಳುತ್ತಾನೆ. ಸುರಕ್ಷಿತ ಸಂಪರ್ಕವೂ ಇದೇ ಮೂರು ಕೆಲಸ ಮಾಡುತ್ತದೆ: ವಿವರವನ್ನು ಗುಪ್ತಲಿಪಿಗೆ ಬದಲಿಸುತ್ತದೆ, ತಿದ್ದಿದರೆ ಪತ್ತೆ ಹಚ್ಚುತ್ತದೆ, ಎದುರಿನ ಗಣಕಯಂತ್ರ ಆ ವಿಳಾಸದ್ದೇ ಎಂದು ಖಚಿತಪಡಿಸುತ್ತದೆ.

ಸಂಪರ್ಕ ಆರಂಭವಾದಾಗ ಎರಡೂ ಕಡೆಯವರು ಕೆಲವು ಸಂಖ್ಯೆಗಳನ್ನು ಬಹಿರಂಗವಾಗಿ ವಿನಿಮಯ ಮಾಡಿಕೊಂಡು, ತಮ್ಮ ತಮ್ಮಲ್ಲೇ ಲೆಕ್ಕ ಹಾಕಿ ಒಂದೇ ಗುಪ್ತ ಕೀಲಿಯನ್ನು ಪಡೆಯುತ್ತಾರೆ. ನಡುವೆ ನಿಂತು ನೋಡಿದವರಿಗೆ ಆ ಕೀಲಿ ಸಿಗದು. ಈ ಉಪಾಯವನ್ನು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಪ್ರಕಟಿಸಿದರು. ಎದುರಿನವರ ಗುರುತಿಗೆ ಪ್ರಮಾಣಪತ್ರ ಬೇಕು. ವಿಳಾಸ ಯಾರ ಹತೋಟಿಯಲ್ಲಿದೆ ಎಂದು ಪರೀಕ್ಷಿಸಿ ಮಾನ್ಯ ಸಂಸ್ಥೆಗಳು ಅದನ್ನು ಕೊಡುತ್ತವೆ. 'ಲೆಟ್ಸ್ ಎನ್‌ಕ್ರಿಪ್ಟ್' ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ 2015ರಿಂದ ಇದನ್ನು ಉಚಿತವಾಗಿ ನೀಡುತ್ತಿದೆ. ಆದ್ದರಿಂದ ಖರ್ಚಿನ ನೆಪ ಈಗ ಸಲ್ಲದು.

ಅಳವಡಿಸುವಾಗ ಗಮನಿಸಬೇಕಾದವು

ಲೆಕ್ಕದ ತಂತ್ರಾಂಶ ಒದಗಿಸುವವರನ್ನು ಆಡಳಿತ ಮಂಡಳಿಯವರು ಈ ವಿಷಯಗಳನ್ನು ಕೇಳಬೇಕು:

1. ಗುಪ್ತಪದ ಕೇಳುವ ಪುಟವಷ್ಟೇ ಅಲ್ಲ, ಎಲ್ಲ ಪುಟಗಳೂ ಸುರಕ್ಷಿತ ಸಂಪರ್ಕದಲ್ಲಿವೆಯೇ? ಒಂದು ಪುಟ ತೆರೆದಿದ್ದರೂ ಅಲ್ಲಿಂದ ಪ್ರವೇಶದ ಗುರುತನ್ನು ಕದಿಯಲು ಸಾಧ್ಯ.
2. ಹಳೆಯ ವಿಳಾಸ ಒತ್ತಿದವರನ್ನು ತಾನಾಗಿಯೇ ಹೊಸ ವಿಳಾಸಕ್ಕೆ ಕಳುಹಿಸುತ್ತದೆಯೇ?
3. ಪ್ರಮಾಣಪತ್ರಕ್ಕೆ ಅವಧಿ ಇದೆ. ಅದು ತಾನಾಗಿ ನವೀಕರಣವಾಗುವ ಏರ್ಪಾಟು ಇದೆಯೇ? ಇಲ್ಲದಿದ್ದರೆ ಬಟವಾಡೆಯ ದಿನವೇ ಎಚ್ಚರಿಕೆ ಕಾಣಿಸಿಕೊಂಡು ಕೆಲಸ ನಿಂತೀತು.
4. ಟಿಎಲ್‌ಎಸ್ 1.0 ಮತ್ತು 1.1 ಆವೃತ್ತಿಗಳನ್ನು 2021ರಲ್ಲಿ ಅಧಿಕೃತವಾಗಿ ಕೈಬಿಡಲಾಗಿದೆ. ಅವನ್ನು ನಿಲ್ಲಿಸಲಾಗಿದೆಯೇ?
5. ಜಾಲತಾಣದ ಖಾಸಗಿ ಕೀಲಿ ಯಾರ ವಶದಲ್ಲಿದೆ? ಅದು ಹೊರಬಿದ್ದರೆ ಬೇರೆಯವರು ನಿಮ್ಮ ಜಾಲತಾಣದ ಹೆಸರಿನಲ್ಲಿ ಕೂರಬಹುದು.

ಬೀಗ ಕಂಡರೆ ಸಾಲದು

ಸುರಕ್ಷಿತ ಸಂಪರ್ಕ ದಾರಿಯನ್ನು ಮಾತ್ರ ಕಾಯುತ್ತದೆ. ದಾರಿಯ ಕೊನೆಯಲ್ಲಿರುವವರು ಸಾಚಾ ಎಂದು ಅದು ಹೇಳುವುದಿಲ್ಲ. ಮೋಸಗಾರರೂ ಮಿಲ್ಕು ಹೆಸರನ್ನು ಹೋಲುವ ವಿಳಾಸ ಮಾಡಿಕೊಂಡು ಪ್ರಮಾಣಪತ್ರ ಪಡೆಯುತ್ತಾರೆ. ಬೀಗದ ಗುರುತು ಕಂಡೊಡನೆ ಜನ ನಂಬಿಬಿಡುತ್ತಾರೆಂದೇ 2023ರಲ್ಲಿ ಗೂಗಲ್ ಸಂಸ್ಥೆ ತನ್ನ ಕ್ರೋಮ್‌ನಲ್ಲಿ ಆ ಗುರುತನ್ನು ಬದಲಾಯಿಸಿತು. ಹಾಗೆಯೇ, ಕಾರ್ಯದರ್ಶಿಯವರ ಗುಪ್ತಪದವನ್ನು ಗೋಡೆಯ ಮೇಲೆ ಬರೆದಿಟ್ಟರೆ ಯಾವ ಗುಪ್ತಲಿಪಿಯೂ ಕಾಯಲಾರದು.

ಸದಸ್ಯರು ಪಾಲಿಸಬೇಕಾದದ್ದು ಇಷ್ಟೇ. ಪ್ರೋತ್ಸಾಹಧನ ಬಂದಿದೆ ಎಂಬ ಸಂದೇಶದೊಡನೆ ಬಂದ ಕೊಂಡಿಯನ್ನು ಒತ್ತಬೇಡಿ, ಸಂಘದಲ್ಲಿ ವಿಚಾರಿಸಿ. ವಿಳಾಸವನ್ನು ಅಕ್ಷರ ಬಿಡದೆ ಓದಿ. 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬಂದರೆ ಮುಂದುವರಿಯಬೇಡಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಹೋಗಿದೆ ಎಂದು ತಿಳಿದ ಕೂಡಲೇ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಸಂಘದ ಒಡೆಯರು ಸದಸ್ಯರೇ. ಹಾಲಿನ ಗುಣಮಟ್ಟದ ಬಗ್ಗೆ ಕೇಳುವಂತೆ, ನಮ್ಮ ಲೆಕ್ಕ ಹೋಗುವ ದಾರಿಗೆ ಸೀಲು ಇದೆಯೇ ಎಂದು ಮುಂದಿನ ಮಹಾಸಭೆಯಲ್ಲಿ ಕೇಳಿರಿ.