ನೇತ್ರಾಣಿಗೆ ಹೊರಡುವ ಮುನ್ನ ತೂಕದ ಲೆಕ್ಕ

ಗಿಣಿಗೇರಾದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವುದೆಂದರೆ ಹುಬ್ಬಳ್ಳಿ ತನಕ ರೈಲು, ಅಲ್ಲಿಂದ ಘಟ್ಟ ಇಳಿಯುವ ಬಸ್ಸು, ಮುರುಡೇಶ್ವರದಿಂದ ಮತ್ತೆ ಸುಮಾರು 19 ಕಿಲೋಮೀಟರ್ ದೋಣಿ. ಇಷ್ಟು ಸಲ ಹತ್ತಿಸಿ ಇಳಿಸುವ ಚೀಲದಲ್ಲಿ ಒಂದೊಂದು ಕಿಲೋಗೂ ಬೆಲೆಯಿದೆ. ಮಾರ್ಗದರ್ಶಕರ ಜೊತೆ ಒಂದು ಸಲ ನೀರಿಗಿಳಿದು ಮೀನು ನೋಡಿ ಬರುವವರು ಏನನ್ನೂ ಕೊಳ್ಳಬೇಕಿಲ್ಲ. ಅಲ್ಲಿ ಕೊಡುವ ಜಾಕೆಟ್ ಸಾಕು. ಸ್ಕೂಬಾ ತರಬೇತಿ ಮುಗಿಸಿ, ಮಳೆಗಾಲ ಕಳೆದ ಮೇಲೆ ವರ್ಷವರ್ಷವೂ ಕಡಲಿಗೆ ಹೋಗುವವರ ಮಾತು ಬೇರೆ. ಅವರು ಸ್ವಂತಕ್ಕೆ ಬ್ಯಾಕ್‌ಪ್ಲೇಟ್ ಕೊಳ್ಳಲು ಹೊರಟಾಗ ಉಕ್ಕಿನದೋ ಅಲ್ಯೂಮಿನಿಯಮ್‌ನದೋ ಎಂಬ ಚರ್ಚೆ ಶುರುವಾಗುತ್ತದೆ. ನನ್ನ ಪ್ರಕಾರ ಲೋಹದ ಪ್ರಶ್ನೆ ಆಮೇಲಿನದು. ಡೈವ್ ಮುಗಿಯುವ ಹೊತ್ತಿಗೆ ನಿಮ್ಮನ್ನು ನೀರಿನಲ್ಲಿ ಹಿಡಿದಿಡಲು ಎಷ್ಟು ತೂಕ ಬೇಕು ಎಂಬುದು ಮೊದಲು ಗೊತ್ತಾಗಬೇಕು.

ಬ್ಯಾಕ್‌ಪ್ಲೇಟ್ ಎಂದರೆ ಬೆನ್ನಿನ ಆಕಾರಕ್ಕೆ ಮಡಿಸಿದ ಲೋಹದ ಹಲಗೆ. ಅದರ ತೂತುಗಳಲ್ಲಿ ಐದು ಸೆಂಟಿಮೀಟರ್ ಅಗಲದ ಒಂದೇ ಉದ್ದನೆಯ ನೈಲಾನ್ ಪಟ್ಟಿ ಹಾದು ಹೆಗಲು, ಸೊಂಟ ಎರಡನ್ನೂ ಬಳಸುತ್ತದೆ. ಹಲಗೆಗೂ ಸಿಲಿಂಡರಿಗೂ ನಡುವೆ ಗಾಳಿ ತುಂಬುವ ಚೀಲ, ಅದೇ ವಿಂಗ್. ಫ್ಲೋರಿಡಾದ ಗುಹೆಗಳಲ್ಲಿ ಜೋಡಿ ಸಿಲಿಂಡರ್ ಹೊತ್ತು ಈಜುವವರು ರೂಢಿಗೆ ತಂದ ವ್ಯವಸ್ಥೆಯಿದು. ಗುಹೆಗೆ ಬೇಕಾದದ್ದು ನಮ್ಮ ಬಿಸಿಲ ಕಡಲಿಗೇಕೆ ಎಂದು ಕೇಳಬಹುದು. ಕಾರಣ ಸರಳ. ಮೆತ್ತೆ ತುಂಬಿದ ಜಾಕೆಟ್ ತಾನೇ ತೇಲುತ್ತದೆ, ಅದನ್ನು ಮುಳುಗಿಸಲು ಮತ್ತಷ್ಟು ಸೀಸ ಕಟ್ಟಬೇಕು. ಪ್ಲೇಟ್ ತೇಲುವುದಿಲ್ಲ, ಅದರ ತೂಕವೇ ಕೆಲಸಕ್ಕೆ ಬರುತ್ತದೆ. ಜೊತೆಗೆ ಆ ತೂಕ ಬೆನ್ನಿನುದ್ದಕ್ಕೂ ಹರಡಿಕೊಳ್ಳುವುದರಿಂದ ದೇಹ ನೀರಿನಲ್ಲಿ ಅಡ್ಡಡ್ಡ ನಿಲ್ಲುತ್ತದೆ, ಕಾಲು ಹವಳಕ್ಕೆ ತಾಗುವುದಿಲ್ಲ.

ಈಗ ಲೆಕ್ಕ ಹಾಕೋಣ. ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟ್ ಸುಮಾರು 2.7 ಕಿಲೋ, ಅಷ್ಟೇ ಗಾತ್ರದ ಅಲ್ಯೂಮಿನಿಯಮ್ ಪ್ಲೇಟ್ 0.9 ಕಿಲೋ. ಸಮುದ್ರದಲ್ಲಿ ಮೊದಲನೆಯದು 2.3 ಕಿಲೋದಷ್ಟು ಕೆಳಗೆಳೆದರೆ, ಎರಡನೆಯದು ಅರ್ಧ ಕಿಲೋಗಿಂತ ತುಸು ಹೆಚ್ಚು. ಅಂದರೆ ಉಕ್ಕನ್ನು ಆರಿಸಿದವರು ಸೊಂಟದಿಂದ ಸುಮಾರು ಎರಡು ಕಿಲೋ ಸೀಸ ಇಳಿಸಬಹುದು. ಸಾಮಾನ್ಯ 11 ಲೀಟರ್ ಅಲ್ಯೂಮಿನಿಯಮ್ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿಯ ತೂಕವೇ ಎರಡೂವರೆ ಕಿಲೋ ದಾಟುತ್ತದೆ. ಉಸಿರಾಡಿ ಅದು ಖಾಲಿಯಾದಂತೆ ಸಿಲಿಂಡರ್ ಮೇಲಕ್ಕೆಳೆಯತೊಡಗುತ್ತದೆ. ಆದ್ದರಿಂದ ತೂಕ ಪರೀಕ್ಷಿಸಬೇಕಾದದ್ದು ಡೈವ್ ಕೊನೆಯಲ್ಲಿ: 50 ಬಾರ್ ಉಳಿದಿರುವಾಗ, ಐದು ಮೀಟರ್ ಆಳದಲ್ಲಿ, ವಿಂಗ್ ಖಾಲಿ ಮಾಡಿ, ಸಮವಾಗಿ ಉಸಿರಾಡುತ್ತ ಅಲ್ಲೇ ನಿಲ್ಲಲು ಆಗಬೇಕು. ಊರಿನ ಈಜುಕೊಳದ ಸಿಹಿನೀರಿನಲ್ಲಿ ಸರಿಹೊಂದಿದ ಲೆಕ್ಕ ಕಡಲಿನಲ್ಲಿ ಕೈಕೊಡುತ್ತದೆ. ಉಪ್ಪುನೀರು ಶೇ 2.5ರಷ್ಟು ಭಾರವಾದ್ದರಿಂದ, ಸಲಕರಣೆ ಸೇರಿ ನೂರು ಕಿಲೋ ತೂಗುವವರಿಗೆ ಅಲ್ಲಿ ಎರಡೂವರೆ ಕಿಲೋ ಹೆಚ್ಚು ಬೇಕು.

ಹಾಗಿದ್ದರೆ ಉಕ್ಕೇ ಮೇಲಲ್ಲವೇ? ಉಕ್ಕಿನ ಕಾರ್ಖಾನೆಗಳ ನೆರಳಲ್ಲಿರುವ ಗಿಣಿಗೇರಾದವರಿಗೆ ಹಾಗನ್ನಿಸುವುದು ಸಹಜ. ಆದರೆ ಅಲ್ಲಿ ತಯಾರಾಗುವ ಅಲಾಯ್ ಸ್ಟೀಲ್ ವಾಹನಗಳ ಬಿಡಿಭಾಗಕ್ಕೆ ಹೇಳಿಮಾಡಿಸಿದ್ದು. ಉಪ್ಪುನೀರಿಗೆ ಬೇಕಾದದ್ದು ಕ್ರೋಮಿಯಂ ಜೊತೆ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಇರುವ 316 ದರ್ಜೆಯ ಸ್ಟೇನ್‌ಲೆಸ್. ಅದಿರಲಿ, ಸೀಸ ಡೈವ್ ಕೇಂದ್ರದಲ್ಲೇ ಸಿಗುವಾಗ ಉಕ್ಕನ್ನು ಮನೆಯಿಂದ ಹೊರುವುದು ಸೀಸವನ್ನೇ ಹೊತ್ತಂತೆ. ಸ್ಲೀಪರ್ ಬೋಗಿಯಲ್ಲಿ 40 ಕಿಲೋ ತನಕ ಉಚಿತವಾದ್ದರಿಂದ ಮುರುಡೇಶ್ವರದ ದಾರಿಯಲ್ಲಿ ಅದು ದೊಡ್ಡ ಹೊರೆಯಲ್ಲ. ಅಂಡಮಾನಿಗೆ ವಿಮಾನದಲ್ಲಿ, 15 ಕಿಲೋ ಮಿತಿಯೊಳಗೆ ರೆಗ್ಯುಲೇಟರ್, ಫಿನ್, ಬಟ್ಟೆ ಎಲ್ಲ ತುರುಕುವಾಗ ಹೊರೆಯೇ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ: ಸೀಸವನ್ನು ಆಪತ್ತಿನಲ್ಲಿ ಕಳಚಿ ಬಿಡಬಹುದು, ಬೆನ್ನಿಗೆ ಬಿಗಿದ ಪ್ಲೇಟನ್ನು ಬಿಡಲಾಗದು. ತೆಳು ವೆಟ್‌ಸೂಟ್ ತೊಟ್ಟವರಿಗೆ ಕೆಲವೊಮ್ಮೆ ಉಕ್ಕಿನ ಪ್ಲೇಟ್, ಉಕ್ಕಿನ ಸಿಲಿಂಡರ್ ಎರಡೂ ಸೇರಿದರೆ ಬೇಕಾದದ್ದಕ್ಕಿಂತ ಹೆಚ್ಚೇ ಆಗಿಬಿಡುತ್ತದೆ. ಹೀಗಾಗಿ ಊರೂರು ಸುತ್ತಿ, ಅಲ್ಲಲ್ಲಿ ಸಿಕ್ಕ ಸಿಲಿಂಡರ್ ಬಳಸುವವರಿಗೆ ನಾನು ಅಲ್ಯೂಮಿನಿಯಮ್ ಅನ್ನೇ ಹೇಳುತ್ತೇನೆ. ವಿಂಗ್ ಕೂಡ 9ರಿಂದ 14 ಕಿಲೋ ಎತ್ತುವಂಥದ್ದು ಸಾಕು. ದೊಡ್ಡದಾದರೆ ಒಂಟಿ ಸಿಲಿಂಡರಿನ ಸುತ್ತ ಮಡಚಿಕೊಂಡು ಗಾಳಿ ಸರಿಯಾಗಿ ಹೊರಹೋಗದು.

ವಿಂಗ್ ಮುಖವನ್ನು ನೀರಿಗೆ ದೂಡುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಬಾವಿಯಲ್ಲಿ ಈಜು ಕಲಿಯುವ ಹುಡುಗರ ಬೆನ್ನಿಗೆ ಕಟ್ಟಿದ ಬೆಂಡು ಅವರನ್ನು ಬೋರಲಾಗಿ ತೇಲಿಸುವಂತೆಯೇ ಇದೂ. ಆದರೆ ನೀರಿನ ಮೇಲೆ ಬೇಕಾದಷ್ಟೇ ಗಾಳಿ ತುಂಬಿ ತುಸು ಹಿಂದಕ್ಕೆ ಒರಗಿದರೆ ತೊಂದರೆ ಬಹುಪಾಲು ತಪ್ಪುತ್ತದೆ. ಉಳಿದದ್ದು ಪಟ್ಟಿಯ ಅಳತೆ, ಹೆಚ್ಚಿನವರು ಎಡವುವುದು ಇಲ್ಲೇ. ವೆಟ್‌ಸೂಟ್ ತೊಟ್ಟೇ ಅಳೆಯಬೇಕು. ಹೆಗಲಪಟ್ಟಿಯ ಕೆಳಗೆ ಅಂಗೈ ಸಲೀಸಾಗಿ ಹೋಗಬೇಕು, ಕೈ ಹಿಂದಕ್ಕೆ ಚಾಚಿದರೆ ಸಿಲಿಂಡರಿನ ವಾಲ್ವ್ ಸಿಗಬೇಕು. ಸೊಂಟದ ಬಕಲ್ ನಡುಮಧ್ಯಕ್ಕಿಂತ ಸ್ವಲ್ಪ ಬಲಕ್ಕಿದ್ದರೆ ತೊಡೆಸಂದಿನ ಪಟ್ಟಿಗೆ ಸಿಕ್ಕಿ ತಾನಾಗಿ ಬಿಚ್ಚಿಕೊಳ್ಳದು. ಸಿಲಿಂಡರ್ ಕಟ್ಟುವ ನೈಲಾನ್ ಪಟ್ಟಿ ನೆನೆದರೆ ಸಡಿಲವಾಗುತ್ತದೆ. ಅದನ್ನು ಮೊದಲೇ ನೆನೆಸಿ ಬಿಗಿದು, ಪ್ಲೇಟ್ ಹಿಡಿದೆತ್ತಿ ಅಲ್ಲಾಡಿಸಿದಾಗ ಸಿಲಿಂಡರ್ ಒಂದಿಷ್ಟೂ ಜಾರದಿದ್ದರೆ ದೋಣಿ ಹತ್ತಬಹುದು. ವಾಪಸು ಬಂದ ಮೇಲೆ ಎಲ್ಲವನ್ನೂ ಸಿಹಿನೀರಿನಲ್ಲಿ ಅದ್ದಿ ತೊಳೆಯಬೇಕು. ಅಲ್ಯೂಮಿನಿಯಮ್ ಪ್ಲೇಟಿಗೆ ಸ್ಟೀಲ್ ಬೋಲ್ಟ್ ಹಾಕಿದ್ದರೆ ಅದನ್ನು ಬಿಚ್ಚಿಯೇ ತೊಳೆಯಬೇಕು, ಏಕೆಂದರೆ ಉಪ್ಪು ನಿಂತ ಆ ತೂತಿನಲ್ಲೇ ಅಲ್ಯೂಮಿನಿಯಮ್ ಸವೆಯುವುದು.